ತಣ್ಣನೆಯ ಕೇಕಿಗೆ ಫಾಂಡಂಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಫ್ರಿಜ್‌ನಿಂದ ತೆಗೆದ ಕೇಕಿಗೆ ಫಾಂಡಂಟ್ (ಕಣಕದಂತೆ ಲಟ್ಟಿಸುವ ಸಕ್ಕರೆಯ ಹೊದಿಕೆ) ಹೊದಿಸಿದರೆ ಅರ್ಧ ಗಂಟೆಯಲ್ಲೇ ಬೆವರಿ ಅಂಟಂಟಾಗುತ್ತದೆ. ಕೇಕನ್ನು ಫ್ರಿಜ್‌ನಲ್ಲಿ ಇಡಲೇಬಾರದೆ? – ಓದುಗರು, ಉಡುಪಿ

ಉತ್ತರ: ಧಾರಾಳವಾಗಿ ಇಡಿ. ಒಳಗಿನ ಬಟರ್‌ಕ್ರೀಮ್ (ಬೆಣ್ಣೆ, ಸಕ್ಕರೆ ಕಡೆದದ್ದು) ಅಥವಾ ಗನಾಶ್ (ಚಾಕೊಲೇಟ್, ಕ್ರೀಮ್ ಬೆರೆಸಿದ್ದು) ಗಟ್ಟಿಯಾಗಿರದಿದ್ದರೆ ಫಾಂಡಂಟ್ ಒತ್ತುವಾಗ ಅಂಚು ಕುಸಿಯುತ್ತದೆ, ಬೆರಳಿನ ಗುರುತು ಹಾಗೇ ಉಳಿಯುತ್ತದೆ. ತಣಿಸಿದ್ದು ತಪ್ಪಲ್ಲ, ಹೊರಗೆ ತೆಗೆದ ಕೂಡಲೇ ಹೊದಿಸಿದ್ದು ತಪ್ಪು.

ಫ್ರಿಜ್‌ನೊಳಗೆ ಸುಮಾರು 4 ಡಿಗ್ರಿ ಇರುತ್ತದೆ. ಮಳೆಗಾಲದಲ್ಲಿ ನಿಮ್ಮ ಕೋಣೆ 28 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ 85 ಇದ್ದರೆ, 25 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಎಂದರೆ ಕೇಕಿನ ಮೈ ಹೆಚ್ಚುಕಡಿಮೆ ಕೋಣೆಯಷ್ಟೇ ಬೆಚ್ಚಗಾಗುವ ತನಕ ಬೆವರು ನಿಲ್ಲುವುದಿಲ್ಲ. ಅದೇ ಎ.ಸಿ. ಹಾಕಿ ಕೋಣೆಯನ್ನು 24 ಡಿಗ್ರಿಗೂ ತೇವಾಂಶವನ್ನು ಶೇ 50ಕ್ಕೂ ಇಳಿಸಿದರೆ ಈ ಗಡಿ 13 ಡಿಗ್ರಿಗೆ ಬರುತ್ತದೆ. ಎ.ಸಿ.ಯಿಂದ ಸಿಗುವ ಮುಖ್ಯ ಲಾಭ ತಂಪಲ್ಲ, ಒಣ ಗಾಳಿ. ಫಾಂಡಂಟಿನಲ್ಲಿ ಬಹುಪಾಲು ಸಕ್ಕರೆಯೇ ಇರುವುದರಿಂದ ನೀರು ಕೂತಲ್ಲೆಲ್ಲ ಅದು ಕರಗಿ ಪಾಕವಾಗುತ್ತದೆ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಎ.ಸಿ. ಕೋಣೆಯಲ್ಲಿ ಕೇಕನ್ನು ಹೊರಗೆ ತೆಗೆದು 20ರಿಂದ 30 ನಿಮಿಷ ಬಿಡಿ. ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ: ಮೈ ಗಟ್ಟಿಯಾಗಿರಬೇಕು, ಆದರೆ ಬೆರಳಿಗೆ ಒದ್ದೆ ಹತ್ತಬಾರದು. ಹನಿ ಕಂಡರೆ ಟಿಶ್ಯೂ ಪೇಪರ್ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ ಕುದಿಸಿ ಆರಿಸಿದ ನೀರನ್ನು ಬ್ರಷ್‌ನಲ್ಲಿ ಅದ್ದಿ, ಚೆನ್ನಾಗಿ ಝಾಡಿಸಿ, ಗನಾಶ್ ಮೇಲೆ ತೆಳ್ಳಗೆ ಸವರಿ. ಈಗಷ್ಟೇ ಒರೆಸಿದ ನೀರನ್ನು ಮತ್ತೆ ಯಾಕೆ ಹಚ್ಚಬೇಕು ಎಂದು ಕೇಳಬಹುದು. ಬೆವರು ಒಂದು ಕಡೆ ಹನಿ, ಇನ್ನೊಂದು ಕಡೆ ಒಣಗಲು ಎಂಬಂತೆ ಕೂರುತ್ತದೆ. ಹನಿ ಇದ್ದಲ್ಲಿ ಫಾಂಡಂಟ್ ಜಾರುತ್ತದೆ, ಒಣಗಿದಲ್ಲಿ ಹಿಡಿಯುವುದೇ ಇಲ್ಲ. ನೀವು ಸವರುವ ನೀರು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬಟರ್‌ಕ್ರೀಮ್ ಮೆತ್ತಗೆ ಅಂಟುವಂತಿದ್ದರೆ ಈ ನೀರೂ ಬೇಡ.

ಈಗಾಗಲೇ ಬೆವರಿದ ಫಾಂಡಂಟನ್ನು ಮುಟ್ಟಬೇಡಿ. ಸ್ವಲ್ಪ ದೂರದಲ್ಲಿ ಟೇಬಲ್ ಫ್ಯಾನ್ ಇಟ್ಟು, ಸಾಧ್ಯವಾದರೆ ಎ.ಸಿ. ಕೋಣೆಯಲ್ಲಿ, ಹಾಗೇ ಬಿಡಿ; ತಾನಾಗಿ ಒಣಗುತ್ತದೆ. ಕಾರ್ನ್‌ಫ್ಲೋರ್ ಉದುರಿಸಿ ಒಣಗಿಸಲು ಹೋದರೆ ಅದು ನೀರಿಗೆ ಕಲಸಿಕೊಂಡು ಬಿಳಿ ಮಚ್ಚೆಯಾಗಿ ನಿಲ್ಲುತ್ತದೆ, ಆಮೇಲೆ ತೆಗೆಯುವುದು ಕಷ್ಟ.

ಎ.ಸಿ. ಇಲ್ಲದವರು ಬಟರ್‌ಕ್ರೀಮ್ ಬಿಟ್ಟು ಗನಾಶ್ ಹಚ್ಚುವುದೇ ವಾಸಿ. ಕರಾವಳಿಯ ಸೆಖೆಗೆ 3 ಪಾಲು ಡಾರ್ಕ್ ಚಾಕೊಲೇಟಿಗೆ 1 ಪಾಲು ಕ್ರೀಮ್ ಇರಲಿ. ಬಿಳಿ ಚಾಕೊಲೇಟ್ ಆದರೆ 4ಕ್ಕೆ 1. ವಿದೇಶಿ ಪಾಕವಿಧಾನಗಳಲ್ಲಿ ಡಾರ್ಕ್ ಚಾಕೊಲೇಟಿಗೆ ಹೇಳುವ 2ಕ್ಕೆ 1 ಲೆಕ್ಕ ಶೇ 35ರಷ್ಟು ಕೊಬ್ಬಿರುವ ಕ್ರೀಮಿನದು. ನಮ್ಮ ಅಂಗಡಿಯ ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ 25ರ ಆಸುಪಾಸು, ಉಳಿದದ್ದರಲ್ಲಿ ನೀರೇ ಹೆಚ್ಚು. 8 ಇಂಚಿನ, 4 ಇಂಚು ಎತ್ತರದ ಕೇಕಿನ ಹೊರಮೈಗೆ 500 ಗ್ರಾಂ ಚಾಕೊಲೇಟ್, 170 ಗ್ರಾಂ ಕ್ರೀಮ್ ಸಾಕು. ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆಗೆ ಫ್ರಿಜ್ ಇಲ್ಲದೆಯೇ ಗಟ್ಟಿಯಾಗಿರುತ್ತದೆ. ಒಳಗೆ ಹಸಿ ಹಣ್ಣು, ಕಸ್ಟರ್ಡ್ ಇರುವ ಕೇಕಿಗೆ ಮಾತ್ರ ಈ ದಾರಿ ಬೇಡ.

ಪ್ರಶ್ನೆ: ವಿಪ್ಪಿಂಗ್ ಕ್ರೀಮ್ ಹಚ್ಚಿದ ಕೇಕಿನ ಮೇಲೆ ಫಾಂಡಂಟ್ ಹೊದಿಸಬಹುದೆ? ಗಿರಾಕಿಗಳು ಕೇಳುತ್ತಾರೆ. – ಓದುಗರು, ಹಾಸನ

ಉತ್ತರ: ಹೊರಮೈಗೆ ಬೇಡ. ವಿಪ್ಪಿಂಗ್ ಕ್ರೀಮಿನಲ್ಲಿ ನೀರು ಬಹಳ, ಭಾರ ಹೊರುವ ಶಕ್ತಿಯೂ ಇಲ್ಲ. ಫಾಂಡಂಟ್ ಆ ನೀರನ್ನು ಹೀರಿ ಕೆಲವೇ ಗಂಟೆಗಳಲ್ಲಿ ಒಳಗಿನಿಂದ ಕರಗುತ್ತದೆ, ಬುಡದಲ್ಲಿ ಮಡಿಕೆ ಬೀಳುತ್ತದೆ. ಗಿರಾಕಿಗೆ ಕ್ರೀಮೇ ಬೇಕೆಂದಿದ್ದರೆ ಪದರಗಳ ನಡುವೆ ಹಾಕಿ. ಪ್ರತಿ ಪದರದ ಅಂಚಿನಲ್ಲಿ ಗನಾಶಿನ ಒಂದು ಕಟ್ಟೆ ಕಟ್ಟಿ, ಅದರೊಳಗೆ ಕ್ರೀಮ್ ತುಂಬಿ, ಹೊರಗಿನಿಂದ ಅರ್ಧ ಸೆಂಟಿಮೀಟರ್ ದಪ್ಪ ಗನಾಶ್ ಬಳಿಯಿರಿ. ಇಂಥ ಕೇಕನ್ನು ಕತ್ತರಿಸುವ ತನಕ ಫ್ರಿಜ್‌ನಲ್ಲೇ ಇಡಬೇಕೆಂದು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ಎಗ್‌ಲೆಸ್ ಸ್ಪಂಜು ಮೃದುವಾಗಿದ್ದು ಬೇಗ ಪುಡಿಯಾಗುವಂತಿದ್ದರೆ ಅದಕ್ಕೆ ಸಕ್ಕರೆ ನೀರು ಕಡಿಮೆ ಹಾಕಿ, ಇಲ್ಲವಾದರೆ ಫಾಂಡಂಟಿನ ಭಾರಕ್ಕೆ ನಡು ಉಬ್ಬುತ್ತದೆ.

ಪ್ರಶ್ನೆ: ಎಷ್ಟು ಫಾಂಡಂಟ್ ಬೇಕು, ಎಷ್ಟು ದಪ್ಪ ಲಟ್ಟಿಸಬೇಕು? ನಮ್ಮಲ್ಲಿ ಲಟ್ಟಿಸುವಾಗಲೇ ಒಣಗಿ, ಅಂಚಿನಲ್ಲಿ ಆನೆ ಚರ್ಮದಂತೆ ಬಿರಿಯುತ್ತದೆ. – ಓದುಗರು, ಕಲಬುರಗಿ

ಉತ್ತರ: ಅಳತೆಯ ಲೆಕ್ಕ ಸುಲಭ. ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಸೇರಿಸಿ, ಮೇಲೆ 2 ಇಂಚು ಹೆಚ್ಚು ಹಿಡಿಯಿರಿ. 8 ಇಂಚಿನ, 4 ಇಂಚು ಎತ್ತರದ ಕೇಕಿಗೆ 18 ಇಂಚಿನ ವೃತ್ತ ಬೇಕಾಗುತ್ತದೆ. 3ರಿಂದ 4 ಮಿಲಿಮೀಟರ್ ದಪ್ಪಕ್ಕೆ 800ರಿಂದ 900 ಗ್ರಾಂ; 6 ಇಂಚಿನ ಕೇಕಿಗೆ 650ರಿಂದ 700 ಗ್ರಾಂ. ಇದಕ್ಕಿಂತ ತೆಳುವಾದರೆ ಒಳಗಿನ ಉಬ್ಬುತಗ್ಗು ಕಾಣುತ್ತದೆ, ಹರಿಯುವ ಭಯವೂ ಇದೆ. ದಪ್ಪವಾದರೆ ತನ್ನ ಭಾರಕ್ಕೇ ಮೇಲಂಚಿನಲ್ಲಿ ಬಿರಿಯುತ್ತದೆ.

ನಿಮ್ಮ ಕಡೆಯ ಬೇಸಿಗೆಯ ತೊಂದರೆ ಉಡುಪಿಯವರದಕ್ಕೆ ತೀರ ಉಲ್ಟಾ: ಗಾಳಿಯೇ ಫಾಂಡಂಟಿನ ನೀರನ್ನು ಎಳೆದುಕೊಳ್ಳುತ್ತದೆ. 500 ಗ್ರಾಂಗೆ ಅರ್ಧ ಟೀಚಮಚ ಗ್ಲಿಸರಿನ್, ಒಂದು ಟೀಚಮಚ ವನಸ್ಪತಿ ಹಾಕಿ ಐದು ನಿಮಿಷ ಚೆನ್ನಾಗಿ ನಾದಿ. ಹೋಳಿಗೆಯ ಕಣಕದಂತೆ ಎಳೆದರೆ ಬಾಗಬೇಕು, ತುಂಡಾಗಬಾರದು. ಲಟ್ಟಿಸಲು ಕಾರ್ನ್‌ಫ್ಲೋರ್ ಬದಲು ಕಲ್ಲಿಗೆ ವನಸ್ಪತಿ ಸವರಿ, ಏಕೆಂದರೆ ಹಿಟ್ಟು ಇನ್ನಷ್ಟು ಒಣಗಿಸುತ್ತದೆ. (ಕರಾವಳಿಯವರಿಗೆ ಕಾರ್ನ್‌ಫ್ಲೋರೇ ಸರಿ, ಜೊತೆಗೆ 500 ಗ್ರಾಂಗೆ ಅರ್ಧ ಟೀಚಮಚ ಸಿಎಂಸಿ ಪುಡಿ, ಎಂದರೆ ಫಾಂಡಂಟನ್ನು ಗಟ್ಟಿ ಮಾಡುವ ಸಸ್ಯಮೂಲದ ಅಂಟುಪುಡಿ.) ಕೇಕ್ ಸಿದ್ಧವಾಗಿ ಎದುರಿಗೆ ಬಂದ ಮೇಲೇ ಲಟ್ಟಿಸಲು ತೊಡಗಿ, ಫ್ಯಾನ್ ಆರಿಸಿ, ಒಂದೆರಡು ನಿಮಿಷದಲ್ಲಿ ಹೊದಿಸಿ. ಕೇಕ್ ವಿಪರೀತ ತಣ್ಣಗಿದ್ದರೂ ತಾಗಿದ ಕೂಡಲೇ ಫಾಂಡಂಟ್ ಬಿಗಿದು ಬಿರಿಯುತ್ತದೆ ಎಂಬುದು ನೆನಪಿರಲಿ.

ಹೊದಿಸಿದ ಮೇಲೆ ಮೊದಲು ತಲೆಯ ಭಾಗ, ಕೂಡಲೇ ಮೇಲಂಚು, ಆಮೇಲೆ ಬದಿ. ಮೇಲಂಚನ್ನು ಅಂಗೈಯಿಂದ ಸುತ್ತಲೂ ಒತ್ತಿ ಭದ್ರ ಮಾಡದೆ ಬದಿಗೆ ಕೈ ಹಾಕಿದರೆ, ಕೆಳಗೆ ತೂಗುವ ಭಾರ ಅಂಚನ್ನು ಎಳೆದು ಹರಿಯುತ್ತದೆ. ಬದಿಯಲ್ಲಿ ನೆರಿಗೆ ಬಿದ್ದರೆ ಅದುಮಬೇಡಿ. ನೆರಿಗೆಯನ್ನು ಹೊರಕ್ಕೆ ಬಿಡಿಸಿ, ಕೆಳಮುಖವಾಗಿ ಸವರುತ್ತ ಬನ್ನಿ. ಬುಡದಲ್ಲಿ ಒಂದು ಸೆಂಟಿಮೀಟರ್ ಬಿಟ್ಟು ಪಿಜ್ಜಾ ಕಟರ್‌ನಲ್ಲಿ ಕತ್ತರಿಸಿ, ಸ್ಮೂದರ್ (ಮೈ ನಯ ಮಾಡುವ ಚಪ್ಪಟೆ ಹಲಗೆ) ಆಡಿಸಿದ ಮೇಲೆ ಉಳಿದದ್ದನ್ನು ಬುಡಕ್ಕೆ ತಾಗಿ ಕತ್ತರಿಸಿ. ಸಣ್ಣ ಬಿರುಕಿಗೆ ಬೆರಳ ತುದಿಯಲ್ಲಿ ಚೂರು ವನಸ್ಪತಿ ತೆಗೆದುಕೊಂಡು ವೃತ್ತಾಕಾರವಾಗಿ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ರಾತ್ರಿ ನಯವಾಗಿದ್ದ ಫಾಂಡಂಟ್ ಬೆಳಿಗ್ಗೆ ಬದಿಯಲ್ಲಿ ಗುಳ್ಳೆಯಂತೆ ಉಬ್ಬಿತ್ತು. ಕಾರಣವೇನು? – ಓದುಗರು, ಬೆಂಗಳೂರು

ಉತ್ತರ: ಒಳಗೆ ಸಿಕ್ಕಿಕೊಂಡ ಗಾಳಿ. ಕೇಕಿನ ನಡು ತಣ್ಣಗಿದ್ದಾಗಲೇ ಹೊದಿಸಿದರೆ, ಬೆಚ್ಚಗಾಗುತ್ತ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಫಾಂಡಂಟನ್ನು ನೂಕುತ್ತದೆ. ಪದರಗಳು ಸರಿಯಾಗಿ ಕೂರದೆ ಕುಸಿದರೂ ಹೀಗೇ ಆಗುತ್ತದೆ. ಹೂರಣ ತುಂಬಿದ ಮೇಲೆ, ಗನಾಶ್ ಬಳಿಯುವ ಮೊದಲು, ತಲೆಯ ಮೇಲೆ ಒಂದು ಕೇಕ್ ಬೋರ್ಡ್, ಅದರ ಮೇಲೆ ಅರ್ಧ ಕಿಲೋ ಸಕ್ಕರೆ ಪೊಟ್ಟಣ ಇಟ್ಟು ಮೂರು ನಾಲ್ಕು ಗಂಟೆ ಬಿಡಿ. ಡೀಪ್ ಫ್ರೀಜರ್‌ನಲ್ಲಿದ್ದ ಕೇಕಾದರೆ ರಾತ್ರಿಯಿಡೀ ಫ್ರಿಜ್‌ಗೆ ಇಳಿಸದೆ ಹೊದಿಸಲೇಬೇಡಿ. ಗುಳ್ಳೆ ಎದ್ದಾಗ ಫಾಂಡಂಟ್ ಇನ್ನೂ ಮೆತ್ತಗಿದ್ದರೆ ತೆಳು ಗುಂಡುಸೂಜಿಯನ್ನು ಓರೆಯಾಗಿ ಚುಚ್ಚಿ, ಸ್ಮೂದರ್‌ನಿಂದ ಗಾಳಿಯನ್ನು ತೂತಿನತ್ತ ತಳ್ಳಿ. ಸೂಜಿಗೆ ದೊಡ್ಡ ಬಣ್ಣದ ತಲೆ ಇರಲಿ, ಕೆಲಸ ಮುಗಿದ ಮೇಲೆ ಎಣಿಸಿ ತೆಗೆದಿಡಿ. ತಿನ್ನುವ ಪದಾರ್ಥದಲ್ಲಿ ಸೂಜಿ ಉಳಿದುಬಿಡಬಾರದು.

ಪ್ರಶ್ನೆ: ಮನೆಯಲ್ಲಿ ಫಾಂಡಂಟ್ ಮಾಡುವಾಗ ಸಸ್ಯಾಹಾರಿಗಳಿಗೆ ಪ್ರಾಣಿಮೂಲದ ಜೆಲಾಟಿನ್ ಬದಲು ಏನು ಹಾಕಬೇಕು? – ಓದುಗರು, ಶಿರಸಿ

ಉತ್ತರ: ಅಗರ್ ಅಗರ್ (ಚೈನಾ ಗ್ರಾಸ್) ಅಥವಾ ಸಿಎಂಸಿ. ಅಗರ್ ಪುಡಿಯನ್ನು ನೀರಿನಲ್ಲಿ ಕುದಿಸಲೇಬೇಕು. ಜೆಲಾಟಿನ್ನಿನಂತೆ ಬಿಸಿನೀರಿನಲ್ಲಿ ಕಲಕಿದರೆ ಕರಗುವುದಿಲ್ಲ. ಎಳೆದರೆ ಅಗರ್ ಹಾಕಿದ ಫಾಂಡಂಟ್ ಜೆಲಾಟಿನ್ ಫಾಂಡಂಟಿನಷ್ಟು ಹಿಗ್ಗದು, ಆದ್ದರಿಂದ ಚೂಪು ಅಂಚಿನ ಎತ್ತರದ ಕೇಕಿಗಿಂತ ದುಂಡು ಅಂಚಿನ ಗಿಡ್ಡ ಕೇಕಿಗೆ ಒಗ್ಗುತ್ತದೆ. ಕೊಂಡು ತರುವುದಾದರೆ ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿ.

ಪ್ರಶ್ನೆ: ಹೊದಿಸಿದ ಕೇಕನ್ನು ಮತ್ತೆ ಫ್ರಿಜ್‌ನಲ್ಲಿಡಬಹುದೆ? ಕೆಂಪು ಬಣ್ಣ ಬಿಳಿಯ ಮೇಲೆ ಹರಡುತ್ತದೆ. – ಓದುಗರು, ಮಂಗಳೂರು

ಉತ್ತರ: ಇಡಬಹುದು, ರಟ್ಟಿನ ಪೆಟ್ಟಿಗೆಯಲ್ಲಿ, ಸಂದುಗಳಿಗೆ ಟೇಪ್ ಅಂಟಿಸಿ. ಹೊರತೆಗೆದ ಮೇಲೆ ಎರಡು ಮೂರು ಗಂಟೆ ಪೆಟ್ಟಿಗೆ ತೆರೆಯಬೇಡಿ. ಬೆವರು ರಟ್ಟಿನ ಮೇಲೆ ಕೂರಲಿ. ಫ್ರಾಸ್ಟ್-ಫ್ರೀ ಫ್ರಿಜ್‌ನೊಳಗಿನ ಗಾಳಿ ಹಳೆಯ ಮಾದರಿಯದಕ್ಕಿಂತ ಒಣ, ಅದು ಅನುಕೂಲ. ಕೆಂಪು, ಕಪ್ಪು ಅಲಂಕಾರಗಳನ್ನು ಬೇರೆಯೇ ಮಾಡಿ ಒಂದೆರಡು ದಿನ ಒಣಗಿಸಿ, ತಲುಪಿಸುವ ಜಾಗದಲ್ಲಿ, ಕೇಕ್ ಬೆವರುವುದು ನಿಂತ ಮೇಲೆ ಅಂಟಿಸಿ. ಬಣ್ಣಕ್ಕೆ ಜೆಲ್ ಕಲರ್ ಮಾತ್ರ ಬಳಸಿ. ನೀರು ಬಣ್ಣ ಫಾಂಡಂಟನ್ನೂ ಸಡಿಲಗೊಳಿಸುತ್ತದೆ.