ನಲವತ್ತು ನಿಮಿಷದ ಚಿತ್ರಕ್ಕೆ ಮೊದಲು ಐವತ್ತು ಸೆಕೆಂಡಿನ ಚಿತ್ರ

ಪ್ರಶ್ನೆ: ನಾವು ಶಿವಮೊಗ್ಗದಲ್ಲಿ ಪದವಿ ಓದುತ್ತಿರುವ ಐವರು ಸ್ನೇಹಿತರು. ಅಡಿಕೆ ತೋಟವನ್ನು ಮಾರಬೇಕಾಗಿ ಬಂದ ಒಂದು ಕುಟುಂಬದ ಬಗ್ಗೆ ನಲವತ್ತು ನಿಮಿಷದ ಚಿತ್ರಕಥೆ ಬರೆದಿದ್ದೇವೆ. ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಸಮೀಪದ ಸ್ನೇಹಿತನ ಮನೆಯಲ್ಲಿ ಚಿತ್ರೀಕರಿಸುವ ಆಲೋಚನೆಯಿದೆ. ಸದ್ಯ ನಮ್ಮ ಬಳಿ ಇರುವುದು ಎರಡು ಫೋನು, ಒಂದು ಟ್ರೈಪಾಡ್. ಕ್ಯಾಮೆರಾ ಕೊಳ್ಳಲು ಹಣ ಕೂಡಿಸಬೇಕೇ? ಕೋರ್ಸಿಗೆ ಸೇರದೆ, ಚಿತ್ರ ಮಾಡುತ್ತಲೇ ಈ ವಿದ್ಯೆಯನ್ನು ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು. ಆದರೆ ಅದನ್ನು ನಲವತ್ತು ನಿಮಿಷದ ಚಿತ್ರದಿಂದ ಆರಂಭಿಸಬೇಡಿ. ದೀರ್ಘ ಚಿತ್ರದಲ್ಲಿ ಮೊದಲ ದಿನ ಮಾಡಿದ ತಪ್ಪು ಸಂಕಲನಕ್ಕೆ ಕೂರುವವರೆಗೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟರಲ್ಲಿ ಅದೇ ತಪ್ಪು ಹತ್ತಾರು ದೃಶ್ಯಗಳಲ್ಲಿ ಬೇರೂರಿರುತ್ತದೆ. ಮೂರು ನಿಮಿಷದ ಚಿತ್ರವಾದರೆ ಶನಿವಾರ ತೆಗೆದು ಭಾನುವಾರ ನೋಡಿ, ಮುಂದಿನ ವಾರ ತಿದ್ದಿ ತೆಗೆಯಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಡಿಪ್ಲೊಮಾ ಕಿರುಚಿತ್ರವೇ ರಾಷ್ಟ್ರ ಪ್ರಶಸ್ತಿ ಪಡೆದಿತ್ತು. ಪೂರ್ಣಪ್ರಮಾಣದ ಚಿತ್ರ ಬಂದದ್ದು ಆಮೇಲೆ. ಸಣ್ಣ ಚಿತ್ರವನ್ನು ದೊಡ್ಡ ಚಿತ್ರದ ಬಡ ತಮ್ಮನೆಂದು ಭಾವಿಸುವ ಕಾರಣವೇ ಇಲ್ಲ.

ಕ್ಯಾಮೆರಾ ಕೊಳ್ಳಬೇಡಿ. ಕೂಡಿಸಿದ ಹಣವಿದ್ದರೆ ಅದನ್ನು ಒಂದು ಮೈಕಿಗೆ ಇಡಿ, ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲ ಅಭ್ಯಾಸಕ್ಕೆ ಸಿನಿಮಾ ಆಗಷ್ಟೇ ಹುಟ್ಟುತ್ತಿದ್ದ 1895ಕ್ಕೆ ಹೋಗೋಣ. ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ತಲಾ ಸುಮಾರು ಐವತ್ತು ಸೆಕೆಂಡಿನವು, ಮಾತಿಲ್ಲ, ಕತ್ತರಿಯಿಲ್ಲ. ನೀವು ಐವರೂ ಅಷ್ಟೇ ಉದ್ದದ ಒಂದೊಂದು ಚಿತ್ರವನ್ನು, ಟ್ರೈಪಾಡ್ ಅಲುಗಿಸದೆ, ಒಂದೇ ಶಾಟ್‌ನಲ್ಲಿ ತೆಗೆಯಿರಿ. ಬೆಳಗಿನ ಬಸ್ಸು ಊರಿನ ಕೈಮರದ ಬಳಿ ನಿಂತು ಹೋಗುವುದಾಗಲಿ, ಹಳ್ಳದ ಸಂಕವನ್ನು ಹುಲ್ಲಿನ ಹೊರೆ ಹೊತ್ತವರೊಬ್ಬರು ದಾಟುವುದಾಗಲಿ ಸಾಕು. ಕ್ಯಾಮೆರಾವನ್ನು ಎಲ್ಲಿ ಇಡಬೇಕು, ಯಾವ ಗಳಿಗೆಯಲ್ಲಿ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಮೂರು ನಿರ್ಧಾರಗಳ ಹೊರತು ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲವಾದ್ದರಿಂದ, ಐದೂ ಚಿತ್ರಗಳನ್ನು ಒಟ್ಟಿಗೆ ಕೂತು ನೋಡಿದಾಗ ಯಾರ ನಿರ್ಧಾರ ಏಕೆ ಗೆದ್ದಿತು ಎಂಬುದು ಹೇಳಿಕೊಡುವವರಿಲ್ಲದೆಯೇ ತಿಳಿಯುತ್ತದೆ.

ಎರಡನೆಯದು ಮೂರು ನಿಮಿಷದ, ಮಾತಿಲ್ಲದ ಚಿತ್ರ. ಒಬ್ಬ ವ್ಯಕ್ತಿ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯಿಸುವಂಥ ಒಂದು ಕೆಲಸವನ್ನು ಹತ್ತು ಹನ್ನೆರಡು ಶಾಟ್‌ಗಳಲ್ಲಿ ಹೇಳಿ. ಯಾವ ಕೈಯಲ್ಲಿ ಕಟ್ಟಿಗೆಯಿತ್ತು, ಯಾವ ಕಡೆಗೆ ನೋಡುತ್ತಿದ್ದರು, ಉರಿ ಎಷ್ಟಿತ್ತು ಎಂಬ ನಿರಂತರತೆಯ ಪ್ರಶ್ನೆಗಳೆಲ್ಲ ಇಲ್ಲಿಯೇ ಎದುರಾಗುತ್ತವೆ. ಹಳೆಯ ಹೆಂಚಿನ ಮನೆಯ ಒಳಗತ್ತಲೆಗೆ ಹೆದರಿ ದೀಪಗಳನ್ನೆಲ್ಲ ಹೊತ್ತಿಸಬೇಡಿ. ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದನ್ನು ಒಂದು ಇಡೀ ದಿನ ಗುರುತು ಹಾಕಿಕೊಂಡು, ಕೆಲಸವನ್ನೇ ಆ ಬೆಳಕಿನತ್ತ ಕೊಂಡೊಯ್ಯಿರಿ. ಬಲ್ಬು ಬೇಕೇಬೇಕಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡು ಇಟ್ಟುಕೊಳ್ಳಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಬೆಳಕು ಮಿನುಗುವುದು ಸಾಮಾನ್ಯವಾಗಿ ತಪ್ಪುತ್ತದೆ.

ಮೂರನೆಯದರಲ್ಲಿ ಮಾತು ಬರಲಿ, ಇಬ್ಬರ ನಡುವೆ, ಹೆಚ್ಚೆಂದರೆ ಎಂಟು ಸಾಲು. ಮಲೆನಾಡಿನಲ್ಲಿ ಚಿತ್ರ ಮಾಡುವವರಿಗೆ ನಿಜವಾದ ಪರೀಕ್ಷೆ ಇಲ್ಲಿದೆ. ವಿದ್ಯಾರ್ಥಿಯಾಗಿದ್ದಾಗ ನಾವು ತಂದೆ ಮಗನ ಒಂದು ಮಾತುಕತೆಯನ್ನು ಜಗಲಿಯ ಮೇಲೆ ಎರಡು ಸಂಜೆ ಚಿತ್ರೀಕರಿಸಿ, ಧ್ವನಿಗೆ ಕ್ಯಾಮೆರಾದ ಮೈಕನ್ನೇ ನಂಬಿದ್ದೆವು. ತಂದೆಯ ಶಾಟ್‌ಗಳನ್ನು ತೆಗೆದ ಸಂಜೆ ಜೀರುಂಡೆಗಳು ಕಿವಿಗಡಚಿಕ್ಕುವಂತೆ ಕೂಗುತ್ತಿದ್ದವು. ಮಗನ ಶಾಟ್‌ಗಳ ಸಂಜೆ ಒಂದು ಮಳೆ ಬಿದ್ದು ತೋಟವೆಲ್ಲ ತೆಪ್ಪಗಿತ್ತು. ಎರಡನ್ನೂ ಸೇರಿಸಿದಾಗ ಪ್ರತಿ ಕಟ್‌ನಲ್ಲೂ ಕಾಡು ಒಮ್ಮೆ ಹುಟ್ಟಿ ಒಮ್ಮೆ ಸಾಯುತ್ತಿತ್ತು. ಸ್ಥಳದಲ್ಲಿ ನಮ್ಮ ಕಿವಿ ಜೀರುಂಡೆಯನ್ನು ಬದಿಗೆ ಸರಿಸಿ ಮಾತನ್ನಷ್ಟೇ ಆರಿಸಿಕೊಳ್ಳುತ್ತದೆ, ಮೈಕಿಗೆ ಆ ವಿವೇಚನೆಯಿಲ್ಲ. ಅದರ ಮೇಲೆ ಫೋನುಗಳು ಧ್ವನಿಯ ಮಟ್ಟವನ್ನು ತಾವಾಗಿಯೇ ಏರಿಳಿಸುವುದರಿಂದ, ನಟರು ಸುಮ್ಮನಾದ ಕೂಡಲೇ ಹಿನ್ನೆಲೆ ಉಬ್ಬಿ ಬರುತ್ತದೆ.

ಇದಕ್ಕೆ ಮುಖ್ಯ ಉಪಾಯ ಮೈಕನ್ನು ಬಾಯಿಯ ಹತ್ತಿರ ತರುವುದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಸುತ್ತಲೂ ತುಂಬಿರುವ ಜೀರುಂಡೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಎರಡನೆಯ ಫೋನಿಗೆ ಜೋಡಿಸಿ, ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿಕೊಳ್ಳಿ. ಪ್ರತಿ ಟೇಕ್ ಆರಂಭದಲ್ಲಿ ಕ್ಯಾಮೆರಾಕ್ಕೆ ಕಾಣುವಂತೆ ಒಮ್ಮೆ ಚಪ್ಪಾಳೆ ತಟ್ಟಿದರೆ ಚಿತ್ರ ಮತ್ತು ಧ್ವನಿಯನ್ನು ಹೊಂದಿಸುವುದು ಸುಲಭ. ಮುಖಾಮುಖಿ ಮಾತಿನ ಎರಡೂ ಬದಿಗಳನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ಮುಗಿಸಿ. ಆ ಜಾಗ ಬಿಡುವ ಮೊದಲು ಎಲ್ಲರೂ ಉಸಿರು ಬಿಗಿಹಿಡಿದಂತೆ ನಿಂತು, ಒಂದು ನಿಮಿಷ ಬರಿಯ ಹಿನ್ನೆಲೆ ಸದ್ದನ್ನು ದಾಖಲಿಸಿ. ಸಂಕಲನದಲ್ಲಿ ಕಟ್‌ಗಳ ಅಡಿಯಲ್ಲಿ ಹಾಸಲು ಆ ಒಂದು ನಿಮಿಷಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದು ಸಿಗದು.

ನಮ್ಮ ಆ ಜಗಲಿಯ ದೃಶ್ಯದಲ್ಲಿ ಕೊನೆಗೆ ಮಾತುಗಳನ್ನೆಲ್ಲ ತೆಗೆದು, ತಂದೆ ಎಲೆಗೆ ಸುಣ್ಣ ಹಚ್ಚುವ ಕೈ ಮತ್ತು ಮಗನ ತಗ್ಗಿದ ಮುಖ ಎರಡನ್ನೇ ಉಳಿಸಿಕೊಂಡೆವು. ಬರೆದ ಮಾತಿನಲ್ಲಿ ಅರ್ಧಕ್ಕರ್ಧ ಅನಗತ್ಯವಾಗಿತ್ತೆಂದು ತಿಳಿದದ್ದು ಆಗಲೇ. ಆದ್ದರಿಂದ ನಿಮ್ಮ ಎಂಟು ಸಾಲಿನ ದೃಶ್ಯದ ರಶಸ್‌ಗಳನ್ನು, ಅಂದರೆ ಕತ್ತರಿಸದ ಮೂಲ ಶಾಟ್‌ಗಳನ್ನು, ಐವರೂ ಹಂಚಿಕೊಂಡು, ಒಬ್ಬರದನ್ನು ಒಬ್ಬರು ನೋಡದೆ ಬೇರೆ ಬೇರೆಯಾಗಿ ಸಂಕಲಿಸಿ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ಇದಕ್ಕೆ ಧಾರಾಳವಾಗಿ ಸಾಕು. ಕೇಳುತ್ತಿರುವವನ ಮುಖಕ್ಕೆ ಒಬ್ಬರು ಅರ್ಧ ಸೆಕೆಂಡು ಮೊದಲೇ ಹೋಗಿರುತ್ತಾರೆ, ಇನ್ನೊಬ್ಬರು ಹೋಗಿಯೇ ಇರುವುದಿಲ್ಲ. ದೃಶ್ಯ ಯಾರದ್ದಾಗುತ್ತದೆ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಪ್ರತಿ ಚಿತ್ರಕ್ಕೂ ಕೆಲಸಗಳನ್ನು ಬದಲಾಯಿಸಿಕೊಳ್ಳಿ. ನಿರ್ದೇಶಕನಾಗಬೇಕೆಂದಿರುವವನು ಒಮ್ಮೆ ಮೈಕು ಹಿಡಿದು ನಿಲ್ಲದಿದ್ದರೆ, ಮುಂದೆ ಧ್ವನಿಯವನು ಇನ್ನೊಂದು ಟೇಕ್ ಕೇಳಿದಾಗ ಅವನಿಗೆ ಸಿಟ್ಟೇ ಬರುತ್ತದೆ. ಮುಗಿದದ್ದನ್ನು ಮನೆಯವರಿಗೂ ನೆರೆಯವರಿಗೂ ತೋರಿಸಿ, ನೋಡುವಾಗ ಪರದೆಯ ಬದಲು ಅವರ ಮುಖ ಗಮನಿಸಿ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ಉತ್ತಮ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟಿತ್ತು. ಆ ಪ್ರೇಕ್ಷಕರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಇದೇ ಸೀಮೆಯಲ್ಲಿದ್ದಾರೆ. ಅವರಿಗೆ ಅರ್ಥವಾಗಲಿಕ್ಕಿಲ್ಲ ಎಂಬ ಅಳುಕು ಬೇಡ.

ಇನ್ನು ನಿಮ್ಮ ಚಿತ್ರಕಥೆಯ ಮಾತು. ಅದನ್ನು ಕೈಬಿಡಿ ಎನ್ನುತ್ತಿಲ್ಲ. ತೋಟ ಮಾರುವ ಕಥೆಯಲ್ಲಿ ಅಡಿಕೆ ಗೊನೆಯ ಕೊಯ್ಲು, ಸುಲಿತ, ಅಂಗಳದಲ್ಲಿ ಒಣಗುವ ಅಡಿಕೆ ಇರಲೇಬೇಕಷ್ಟೆ. ಅವು ಬೇಸಿಗೆ ರಜೆಯಲ್ಲಿ ಸಿಗುವುದಿಲ್ಲ, ಮಳೆಗಾಲ ಕಳೆದ ಮೇಲೆಯೇ ಸಿಗುತ್ತವೆ. ಹಾಗಾಗಿ ರಜೆಯ ಎರಡು ತಿಂಗಳನ್ನು ಈ ಮೂರು ಅಭ್ಯಾಸಗಳಿಗೆ ಕೊಡಿ, ಮಳೆಗಾಲದಲ್ಲಿ ಸಂಕಲನ ಮಾಡುತ್ತ ಚಿತ್ರಕಥೆಯನ್ನು ಹದಿನೈದು ನಿಮಿಷಕ್ಕೆ ಇಳಿಸಿ, ಕೊಯ್ಲು ಶುರುವಾಗುವ ಹೊತ್ತಿಗೆ ಸ್ನೇಹಿತನ ಮನೆಗೆ ಹೋಗಿ. ಕೆಲಸದವರು ದೋಟಿ ಹಿಡಿದು ತೋಟಕ್ಕೆ ಇಳಿಯುವ ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯದೆ, ಅವರ ಜೊತೆ ಇಡೀ ದಿನ ಸುಮ್ಮನೆ ಇದ್ದು ಬನ್ನಿ.