ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆದಿಡಿ

ನಿಮಗೆ 41 ವರ್ಷ, ಬಿಪಿ 150/96 ಬಂದಿದೆ, ಮಾತ್ರೆ ಇಲ್ಲದೆ ಊಟ, ವಾಕಿಂಗಿನಲ್ಲೇ ಇಳಿಸಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮಂಡ್ಯದವನು, ದಿನಾ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮೂರು ವರ್ಷದ ಹಿಂದೆ ನನಗೂ 152/98 ಬಂದಿತ್ತು. ಇಳಿಯುತ್ತದೆ, ಆದರೆ ಎಷ್ಟು ಇಳಿಯುತ್ತದೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ.

ಮೊದಲು ಆ 150 ನಿಜವಾ ನೋಡಿ. ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ಮಾತಾಡುತ್ತಾ ನೋಡಿಸಿಕೊಂಡರೆ ಜಾಸ್ತಿಯೇ ಬರುತ್ತದೆ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಡಿ. ಆ ಚೀಟಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಇನ್ನು ಉಪ್ಪು. 'ನಾವು ಉಪ್ಪು ಕಮ್ಮಿನೇ ತಿನ್ನೋದು' ಅಂತ ನಾನೂ ಹೇಳುತ್ತಿದ್ದೆ. ಒಂದು ಸಲ ಹೆಂಡತಿ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಳು. ನಾಲ್ಕು ಜನರ ಮನೆ. ಒಂದು ಕೆಜಿ ಪ್ಯಾಕೆಟ್ 25 ದಿನಕ್ಕೆ ಖಾಲಿ. ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ 10 ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಟೀ ಚಮಚದಷ್ಟು. ಆ ಲೆಕ್ಕದಲ್ಲಿ ಪ್ಯಾಕೆಟ್ 50 ದಿನ ಬರಬೇಕು. ತರಕಾರಿ ತೊಳೆದ ನೀರಲ್ಲಿ ಒಂದಿಷ್ಟು ಹೋಯಿತು ಅಂತಲೇ ಇಟ್ಟುಕೊಳ್ಳಿ, ಹೊರಗೆ ತಿಂದಿದ್ದು ಇದರಲ್ಲಿ ಸೇರಿಲ್ವಲ್ಲ. ರೈಲಿನ ಮದ್ದೂರು ವಡೆ, ಬೇಕರಿಯ ಖಾರ ಬಿಸ್ಕತ್ತು, ಮಧ್ಯಾಹ್ನದ ಉಪ್ಪಿನಕಾಯಿ, ಹಪ್ಪಳ ಎಲ್ಲ ಬೇರೆ.

ನಮ್ಮ ಕಡೆ ದೊಡ್ಡ ಪರೀಕ್ಷೆ ಅಂದರೆ ಉಪ್ಸಾರು. ಹೆಸರಲ್ಲೇ ಉಪ್ಪಿದೆ. ಸೊಪ್ಪು, ಕಾಳು ಬೇಯಿಸುವಾಗ ಒಂದು ಸಲ ಉಪ್ಪು, ಖಾರ ರುಬ್ಬುವಾಗ ಮತ್ತೊಂದು ಸಲ. ಕಮ್ಮಿ ಮಾಡಿ ಅಂದಿದ್ದಕ್ಕೆ ಅವ್ವ, 'ಉಪ್ಪಿಲ್ದ ಉಪ್ಸಾರು ಯಾವನ್ ಉಂಡಾನ್ಲಾ?' ಅಂತ ಬೈದರು. ಕೊನೆಗೆ ಒಪ್ಪಂದ ಆಯಿತು. ಬೇಯಿಸುವಾಗ ಉಪ್ಪು ಅರ್ಧ, ಖಾರಕ್ಕೆ ಚಿಟಿಕೆ ಮಾತ್ರ. ಬದಲಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸು ಜಾಸ್ತಿ, ತಟ್ಟೆಗೆ ನಿಂಬೆಹಣ್ಣು. ಮುದ್ದೆಗೆ ಹೇಗೂ ಉಪ್ಪು ಹಾಕಲ್ಲ, ಅದೊಂದು ಪುಣ್ಯ. ಮೊದಲ ವಾರ ಸಪ್ಪೆ ಸಪ್ಪೆ. ಮೂರ್ನಾಲ್ಕು ವಾರ ಕಳೆದ ಮೇಲೆ ಮದುವೆ ಮನೆ ಸಾರು ನಮಗೇ ಉಪ್ಪುಪ್ಪಾಗಿ ಕಾಣತೊಡಗಿತು. ಈಗ ಪ್ಯಾಕೆಟ್ 40 ದಿನ ದಾಟುತ್ತದೆ.

ಸೈಂಧವ ಲವಣ ತಿಂದರೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ. ಕೇಳಿಯೇ ಬಳಸಿ. ಸೊಪ್ಪು, ಕಾಳು, ಬಾಳೆಹಣ್ಣು ಊಟದಲ್ಲಿ ಹೆಚ್ಚಾದರೆ ಬಿಪಿಗೆ ಒಳ್ಳೆಯದು, ಆದರೆ ಕಿಡ್ನಿ ಸಮಸ್ಯೆ ಇದ್ದರೆ ಅದನ್ನೂ ಕೇಳಿಕೊಳ್ಳಿ.

ನಡಿಗೆಗೆ ಬೇರೆ ಸಮಯ ಹುಡುಕಲು ಹೋದರೆ ನನ್ನ ಥರದವರಿಗೆ ಆಗಲ್ಲ. ಮೈಸೂರು ಸ್ಟೇಷನ್ನಿಂದ ಸರಸ್ವತಿಪುರಂಗೆ ಆಟೋ ಬಿಟ್ಟೆ, ಅಷ್ಟೇ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ, ಸ್ವಲ್ಪ ಬೀಸಾಗಿ. ವಾರಕ್ಕೆ 150 ನಿಮಿಷ ಬೇಕು ಅಂತಾರೆ, ನನಗೆ ಅದರ ಎರಡರಷ್ಟು ಸಿಗುತ್ತದೆ. ಭಾನುವಾರ ಪೂರ್ತಿ ರಜೆ, ಕುಕ್ಕರಹಳ್ಳಿ ಕೆರೆ ಸುತ್ತುವ ಶಿಸ್ತೆಲ್ಲ ನನ್ನಿಂದ ಆಗಲಿಲ್ಲ. ಆರು ಕೆಜಿ ಇಳಿದೆ. ಒಂದು ಕೆಜಿ ಇಳಿದರೆ ಮೇಲಿನ ಅಂಕಿ ಹೆಚ್ಚುಕಮ್ಮಿ ಒಂದು ಇಳಿಯುತ್ತದೆ ಅಂತಾರೆ. ಕುಡಿಯುವ ಅಭ್ಯಾಸ, ಸಿಗರೇಟು, ಹೊಗೆಸೊಪ್ಪು ಇದ್ದರೆ ಬಿಡಿ, ಅದರಲ್ಲಿ ಚೌಕಾಸಿ ಇಲ್ಲ. ಜೋರಾಗಿ ಗೊರಕೆ ಹೊಡೆಯುತ್ತೀರಿ ಅಂತ ಮನೆಯವರು ಹೇಳಿದರೆ ನಗಬೇಡಿ, ಡಾಕ್ಟರಿಗೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವುದರಿಂದಲೂ ಬಿಪಿ ಏರುತ್ತದೆ.

ಈಗ ನನ್ನ ದಡ್ಡತನ. ನನಗೆ ಒಂದು ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳಲ್ಲಿ 128/82 ಬಂತು. 'ವಾಸಿಯಾಯ್ತು' ಅಂತ ಯಾರನ್ನೂ ಕೇಳದೆ ಬಿಟ್ಟೆ. ಅದೇ ಸಮಯಕ್ಕೆ ಮಂಡಿ ನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದೆ. ಅಂಥ ಕೆಲವು ಮಾತ್ರೆಗಳೂ ಬಿಪಿ ಏರಿಸುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ನೋಡಿದರೆ 164/102. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಬಿಪಿ ಹೇಳಿ ಬರೋದಿಲ್ಲ. ಬಿಪಿ ಮಾತ್ರೆ ಮತ್ತೆ ಶುರು ಮಾಡಿದೆ. ಈಗ ಡಾಕ್ಟರೇ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಪೂರ್ತಿ ಬಿಡಿಸಿಲ್ಲ, ನಾನೂ ಹಟ ಹಿಡಿದಿಲ್ಲ.

ನಿಮ್ಮ ಅಂಕಿಗೆ ಸಕ್ಕರೆ ಕಾಯಿಲೆ, ಕಿಡ್ನಿ, ಹೃದಯದ ತೊಂದರೆ ಏನೂ ಇಲ್ಲದಿದ್ದರೆ, ಕೆಲವು ವಾರ ಊಟ, ನಡಿಗೆಯಲ್ಲೇ ನೋಡೋಣ ಅಂತ ಡಾಕ್ಟರ್ ಹೇಳಿದರೂ ಹೇಳಬಹುದು. ಕೇಳಿ ನೋಡಿ. ಆದರೆ 180/120ರ ಮೇಲೆ ಹೋಗಿ ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು, ಕೈಕಾಲಿಗೆ ಬಲ ಇಲ್ಲದಿರುವುದು ಕಂಡರೆ ಮಜ್ಜಿಗೆ, ನಿಂಬೆಪಾನಕ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ.