ಅಕ್ಷತೆ ಬೀಳುವಾಗ ಚಿತ್ರ ಒಡೆಯಬಾರದು
(ಓದುಗರ ಪ್ರಶ್ನೆಗೆ ಹಳೇ ಮದುವೆ ವಿಡಿಯೋದವನ ಉತ್ತರ)

ಪ್ರಶ್ನೆ: 2005ರಲ್ಲಿ ಮಗಳ ಮದುವೆ ಮಾಡಿದೆವು. ಆಗಿನ ಎರಡು ಮಿನಿ ಡಿವಿ ಟೇಪುಗಳನ್ನು ಈಚೆಗೆ ಒಬ್ಬರು ಕಂಪ್ಯೂಟರಿಗೆ ಇಳಿಸಿಕೊಟ್ಟರು. ಒಟ್ಟು 26 ಜಿಬಿ ಇದೆ. ಈಗ ಮಗನಿಗೂ ಮಗು ಆಗಿದೆ, ನಾಮಕರಣದ ವಿಡಿಯೋ ಫೋನಿನಲ್ಲಿದೆ. ಎರಡನ್ನೂ ಡಿವಿಡಿ ಮಾಡಿ ನನ್ನ ಅಕ್ಕನಿಗೆ ಕೊಡಬೇಕು. ಅವರಿಗೆ 81 ವರ್ಷ. ಹಳ್ಳಿಮನೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಡಿವಿಡಿ ಪ್ಲೇಯರ್ ಮಾತ್ರ ಅವರಿಗೆ ಚೆನ್ನಾಗಿ ಗೊತ್ತು. ಸ್ಟುಡಿಯೋದವರು 3,000 ರೂಪಾಯಿ ಕೇಳುತ್ತಾರೆ. ಮಗ 4,500ರ ಒಂದು ಸಾಫ್ಟ್‌ವೇರ್ ತೋರಿಸಿದ. ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲವೇ? ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ.
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಆಗುತ್ತದೆ ಮೇಷ್ಟ್ರೇ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಬೇಡ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಗಿಸುವ ಡಿವಿಡಿ ರೈಟರ್ ಒಂದು ಬೇಕು, ಅಷ್ಟೇ ಖರ್ಚು. ಅದನ್ನೂ ಯಾರಾದರೂ ಪರಿಚಯದವರ ಹತ್ತಿರ ಎರಡು ದಿನದ ಮಟ್ಟಿಗೆ ಇಸಕೊಳ್ಳಿ. ಈಗ ಅದು ಎಷ್ಟೋ ಮನೆಗಳಲ್ಲಿ ಸುಮ್ನೆ ಧೂಳು ಹಿಡಿದು ಕೂತಿದೆ.

ಸಾಫ್ಟ್‌ವೇರಿನ ಹೆಸರು ಡಿವಿಡಿಸ್ಟೈಲರ್. ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ನೋಡಲು ಸ್ವಲ್ಪ ಹಳೇ ಕಾಲದ್ದು, ಚಂದ ಮಾತ್ರ ನಿರೀಕ್ಷಿಸಬೇಡಿ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹಾಕುವಾಗ ಜೊತೆಗೆ ಇನ್ನೇನನ್ನಾದರೂ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ.

ತೆರೆದ ಕೂಡಲೇ ಕೆಲವು ವಿಷಯ ಕೇಳುತ್ತದೆ. ಡಿಸ್ಕಿನ ಅಳತೆಗೆ 4.7 ಜಿಬಿ ಕೊಡಿ. ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಪದ್ಧತಿಗಳಲ್ಲಿ ಯಾವುದು ಎಂದು ಕೇಳಿದರೆ ಪಾಲ್ ಆರಿಸಿ. ನಮ್ಮ ಮದುವೆ ಟೇಪುಗಳೆಲ್ಲ ಪಾಲ್‌ನವೇ, ಸೆಕೆಂಡಿಗೆ 25 ಚಿತ್ರ. ಧ್ವನಿಗೆ ಎಸಿ3 ಎಂಬ ಬಗೆ ಇರಲಿ. ಆಮೇಲೆ ಅಗಲ-ಎತ್ತರದ ಲೆಕ್ಕ: ಹಳೇ ಟೇಪಿಗೆ 4:3. ಅವಸರದಲ್ಲಿ 16:9 ಒತ್ತಿಬಿಟ್ಟರೆ ಮದುಮಗಳಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ದಪ್ಪ ಕಾಣುತ್ತಾರೆ. ನಿಮ್ಮ ಮಗಳು ಅದನ್ನು ಕ್ಷಮಿಸಲಿಕ್ಕಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ನಾನು 2003ರಿಂದ ಹನ್ನೆರಡು ವರ್ಷ ಮದುವೆ ವಿಡಿಯೋ ಮಾಡಿದವನು. ಡಿವಿಡಿ ಕೆಟ್ಟರೆ ಜನ ಸಾಫ್ಟ್‌ವೇರನ್ನು ಬೈಯುತ್ತಾರೆ. ನಾನು ಕಂಡ ಹಾಗೆ ತಪ್ಪು ಹೆಚ್ಚಾಗಿ ಒಂದೇ ಡಿಸ್ಕಿಗೆ ಅತಿಯಾಗಿ ತುರುಕುವವರದ್ದು. ಮಿನಿ ಡಿವಿ ಟೇಪಿನ ಒಂದು ಗಂಟೆ ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ಹಿಡಿಯುತ್ತದೆ. ನಿಮ್ಮದು ಎರಡು ಗಂಟೆ, 26 ಜಿಬಿ. ಅದು 4.7 ಜಿಬಿಯೊಳಗೆ ಕೂರಬೇಕೆಂದರೆ ಎಂಪೆಗ್-2 ಎಂಬ ವಿಧಾನದಲ್ಲಿ ಹಿಂಡಬೇಕು. ಒಂದೇ ಗಂಟೆಯದ್ದಾದರೆ ಸೆಕೆಂಡಿಗೆ 8 ಮೆಗಾಬಿಟ್ (ಅಂದರೆ ಒಂದು ಸೆಕೆಂಡಿನ ವಿಡಿಯೋ ಬರೆಯಲು ಸಿಗುವ ಜಾಗ) ಆರಾಮಾಗಿ ಕೊಡಬಹುದು. ಎರಡು ಗಂಟೆಗೆ 5ರ ಹತ್ತಿರ. ಮೂರು ಗಂಟೆ ತುಂಬಿದಿರೋ, ಮೂರೂವರೆಗೂ ಬರುವುದಿಲ್ಲ.

ಆ ಕಡಿಮೆ ಎಲ್ಲಿ ಕಾಣುತ್ತದೆ ಗೊತ್ತೇ? ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಏನೂ ಗೊತ್ತಾಗುವುದಿಲ್ಲ. ಮಾಂಗಲ್ಯ ಕಟ್ಟುವ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದಲ್ಲ, ಆಗ ಗೊತ್ತಾಗುತ್ತದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಏನು ಬದಲಾಯಿತು ಎನ್ನುವುದನ್ನೇ ಈ ವಿಧಾನ ಹೆಚ್ಚಾಗಿ ಬರೆದಿಡುವುದು. ಸಾವಿರ ಅಕ್ಕಿಕಾಳು ಒಟ್ಟಿಗೆ ಹಾರಿದರೆ ಬದಲಾಗದೆ ಉಳಿದದ್ದೇ ಕಡಿಮೆ. ಬರೆಯಲು ಜಾಗ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇಡೀ ಮದುವೆಯಲ್ಲಿ ಜನ ಮತ್ತೆ ಮತ್ತೆ ನೋಡುವುದು ಆ ಒಂದು ನಿಮಿಷ. ಅಲ್ಲೇ ಮದುಮಗನ ಮುಖ ಇಟ್ಟಿಗೆ ಜೋಡಿಸಿದ ಹಾಗೆ ಕಂಡರೆ!

ಹಾಗಾಗಿ ಮೊದಲು ಶಾಟ್‌ಕಟ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರಿನಲ್ಲಿ ಊಟದ ಪಂಕ್ತಿ, ಕಾಯುವ ಹೊತ್ತು, ಕ್ಯಾಮೆರಾ ಆಫ್ ಮಾಡಲು ಮರೆತು ನೆಲ ತೋರಿಸಿದ್ದು, ಎಲ್ಲ ಕತ್ತರಿಸಿ. (ನೆಲ ನಾವೆಲ್ಲರೂ ತೆಗೆದಿದ್ದೇವೆ.) ಪಂಕ್ತಿಯಲ್ಲಿ ಈಗ ಇಲ್ಲದವರು ಯಾರಾದರೂ ಕೂತಿದ್ದರೆ ಅದನ್ನು ಮಾತ್ರ ಉಳಿಸಿ. ಒಂದೂವರೆ ಗಂಟೆಗೆ ಇಳಿದರೆ ಒಂದು ಡಿಸ್ಕ್ ಸಾಕು. ಕತ್ತರಿಸಲು ಮನಸ್ಸು ಬಾರದಿದ್ದರೆ ಮುಹೂರ್ತಕ್ಕೆ ಒಂದು, ಆರತಕ್ಷತೆಗೆ ಒಂದು ಡಿಸ್ಕ್ ಮಾಡಿ. ಇನ್ನೊಂದು ಡಿಸ್ಕಿಗೆ ಹಾಕುವ ದುಡ್ಡು ಆ 4,500ರ ಮುಂದೆ ಏನೂ ಅಲ್ಲ.

ನಾಮಕರಣವನ್ನು ಬೇರೆ ಡಿಸ್ಕಿಗೆ ಹಾಕಿ. ಅದು 16:9. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಪಾಲ್‌ನ 25ಕ್ಕೆ ಇಳಿಸಿದರೆ ತೊಟ್ಟಿಲು ತೂಗುವುದು ಜರ್ಕ್ ಹೊಡೆದ ಹಾಗೆ ಕಾಣಬಹುದು. ಅಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ ಇರುವ ಎನ್‌ಟಿಎಸ್‌ಸಿ ಆರಿಸಿ ನೋಡಿ. ನಮ್ಮಲ್ಲಿ ಮಾರಿದ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಆಡಿಸುತ್ತವೆ.

ಮೆನು ಸರಳವಾಗಿರಲಿ. ಅಕ್ಕನವರಿಗೆ ಎರಡು ದೊಡ್ಡ ಗುಂಡಿ ಸಾಕು. ಕನ್ನಡದಲ್ಲಿ ‘ಧಾರೆ’, ‘ಆರತಕ್ಷತೆ’ ಎಂದು ಬರೆಯುವುದಿದ್ದರೆ ಒಂದು ಫೋಟೋದ ಮೇಲೆ ಬರೆದುಕೊಂಡು ಆ ಫೋಟೋವನ್ನೇ ಹಿನ್ನೆಲೆಯಾಗಿ ಹಾಕಿ. ಒತ್ತಕ್ಷರ ಕೆಡುವ ಭಯ ಇರುವುದಿಲ್ಲ.

ನೇರವಾಗಿ ಡಿಸ್ಕಿಗೆ ಬರೆಯಬೇಡಿ. ಮೊದಲು ಐಎಸ್‌ಒ ಫೈಲ್ (ಇಡೀ ಡಿಸ್ಕ್ ಒಂದೇ ಫೈಲಿನಲ್ಲಿ) ಮಾಡಿಸಿ, ವಿಎಲ್‌ಸಿ ಎಂಬ ಉಚಿತ ವಿಡಿಯೋ ಪ್ಲೇಯರಿನಲ್ಲಿ ತೆರೆದು ಅಕ್ಷತೆಯ ಜಾಗ ನೋಡಿ. ಸರಿ ಇದ್ದರೆ ಅದರ ಮೇಲೆ ಬಲಗುಂಡಿ ಒತ್ತಿ, ಡಿಸ್ಕಿಗೆ ಬರೆಯುವ ವ್ಯವಸ್ಥೆ ವಿಂಡೋಸಿನಲ್ಲೇ ಇದೆ. ಐಎಸ್‌ಒ ಮಾಡುವ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿಡಿ. ನನ್ನ ಕಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್. ರಾತ್ರಿಯಿಡೀ ಓಡಿ ಬೆಳಗಿನ ಜಾವ ಶೇಕಡಾ 96ಕ್ಕೆ ಬಂದಾಗ ಕರೆಂಟು ಹೋಗಿ, ಬೀಗರ ಮನೆಯವರು ಹತ್ತು ಗಂಟೆಗೆ ಬಾಗಿಲಲ್ಲಿ ನಿಂತ ದಿನ ನನಗೆ ಇವತ್ತಿಗೂ ನೆನಪಿದೆ.

ಪ್ರಶ್ನೆ: ಮಗಳ ಭರತನಾಟ್ಯದ ಎಂಪಿ4 ಫೈಲನ್ನು ಡಿವಿಡಿಗೆ ಕಾಪಿ ಮಾಡಿದೆ. ಕಂಪ್ಯೂಟರಿನಲ್ಲಿ ಬರುತ್ತದೆ, ಪ್ಲೇಯರ್ ಮಾತ್ರ ಡಿಸ್ಕ್ ಎರರ್ ಎನ್ನುತ್ತದೆ. ಡಿಸ್ಕ್ ಕೆಟ್ಟಿದೆಯೇ?
– ಗೃಹಿಣಿ, ಹಾಸನ

ಉತ್ತರ: ಡಿಸ್ಕ್ ಚೆನ್ನಾಗಿದೆ ತಾಯಿ. ನೀವು ಮಾಡಿದ್ದು ಡೇಟಾ ಡಿವಿಡಿ, ಅಂದರೆ ದುಂಡಗಿನ ಪೆನ್‌ಡ್ರೈವ್. ಹಳೇ ಪ್ಲೇಯರ್ ಹುಡುಕುವುದು ವಿಡಿಯೋ_ಟಿಎಸ್ ಎಂಬ ಫೋಲ್ಡರು. ಅದರೊಳಗೆ ವಿಒಬಿ, ಐಎಫ್‌ಒ ಎಂಬ ಫೈಲುಗಳು ಇರಬೇಕು. ಮೇಲೆ ಹೇಳಿದ ಸಾಫ್ಟ್‌ವೇರ್ ಮಾಡಿಕೊಡುವುದು ಅದನ್ನೇ. ಮೊದಲ ಪ್ರಯತ್ನಕ್ಕೆ ಅಳಿಸಿ ಬರೆಯುವ ಡಿವಿಡಿ-ಆರ್‌ಡಬ್ಲ್ಯೂ ತಗೊಳ್ಳಿ, ತಪ್ಪಿದರೆ ಡಿಸ್ಕ್ ದಂಡ ಆಗುವುದಿಲ್ಲ.

ಡಿಸ್ಕಿನ ಮೇಲೆ ಅಂಟಿಸುವ ಕಾಗದದ ಸ್ಟಿಕ್ಕರ್ ಬೇಡ. 2006ರಲ್ಲಿ ನಾನು ವಧೂವರರ ಫೋಟೋ ಇದ್ದ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದೆ. ಬಿಸಿಗೆ ಅದು ಪ್ಲೇಯರಿನೊಳಗೇ ಎದ್ದು ಸಿಕ್ಕಿಕೊಂಡಿತು. ತೆಗೆಯುವಷ್ಟರಲ್ಲಿ ವರ ಒಂದು ಕಡೆ, ವಧು ಒಂದು ಕಡೆ. ಹುಡುಗಿಯ ಅಜ್ಜಿ ಅಪಶಕುನ ಎಂದು ಅತ್ತರು, ರಿಪೇರಿಯ 400 ರೂಪಾಯಿ ನಾನು ಕೊಟ್ಟೆ. ಮಾರ್ಕರ್ ಪೆನ್ನಿನಲ್ಲಿ ಮೆಲ್ಲಗೆ ಬರೆಯಿರಿ, ಬಾಲ್ ಪೆನ್ ಬೇಡ.

ಪ್ರಶ್ನೆ: ವಿಂಡೋಸಿನಲ್ಲೇ ಡಿವಿಡಿ ಮೇಕರ್ ಇತ್ತಲ್ಲ, ಎಲ್ಲಿ ಹೋಯಿತು? ಗೆಳೆಯ ದುಬಾರಿ ಸಾಫ್ಟ್‌ವೇರಿನ ಕ್ರ್ಯಾಕ್ ಮಾಡಿದ ಪ್ರತಿ ಕೊಡುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಲಾ?
– ವಿದ್ಯಾರ್ಥಿ, ಗದಗ

ಉತ್ತರ: ಅದು ವಿಂಡೋಸ್ ವಿಸ್ಟಾದಲ್ಲಿ ಬಂತು, ವಿಂಡೋಸ್ 7ರಲ್ಲಿ ಇತ್ತು, 8ರಲ್ಲಿ ತೆಗೆದುಹಾಕಿದರು. ಕ್ರ್ಯಾಕ್ ಬೇಡಪ್ಪಾ. ಬಿಟ್ಟಿ ಕೊಟ್ಟ ಗೆಳೆಯ ವೈರಸ್ ಬಿಡಿಸಲು ಬರುವುದಿಲ್ಲ. ದುಡ್ಡಿನ ಸಾಫ್ಟ್‌ವೇರುಗಳಲ್ಲಿ ಚಂದದ ಮೆನು, ಬ್ಲೂ-ರೇ ಎಲ್ಲ ಸಿಗುತ್ತವೆ ನಿಜ. ತಿಂಗಳಿಗೆ ನಾಲ್ಕು ಮದುವೆ ಮಾಡುವವನು ಕೊಳ್ಳಲಿ, ಮನೆಗೆ ಎರಡು ಡಿಸ್ಕ್ ಮಾಡಲು ಯಾಕೆ? ಹ್ಯಾಂಡ್‌ಬ್ರೇಕ್ ಎಂಬುದನ್ನೂ ಕೆಲವರು ಹೇಳುತ್ತಾರೆ. ಅದು ಒಳ್ಳೆಯದೇ, ಆದರೆ ಮಾಡುವುದು ಎಂಪಿ4ನಂಥ ಫೈಲು. ಮೆನು ಇರುವ ಡಿವಿಡಿ ಅದರಿಂದ ಆಗದು.

ಪ್ರಶ್ನೆ: ಡಿವಿಡಿ ಮಾಡಿದ ಮೇಲೆ ಟೇಪು, ದೊಡ್ಡ ಫೈಲು ಎಲ್ಲ ಬಿಸಾಡಬಹುದಾ?
– ಓದುಗರು, ಕುಂದಾಪುರ

ಉತ್ತರ: ದಯವಿಟ್ಟು ಬೇಡ. ಡಿವಿಡಿಯಲ್ಲಿ ಇರುವುದು ಹಿಂಡಿದ ಪ್ರತಿ, ಅದರಿಂದ ಮೂಲ ವಾಪಸು ಬರುವುದಿಲ್ಲ. ಮೂಲ ಫೈಲನ್ನು ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಡಿ, ಎರಡೂ ಒಂದೇ ಬೀರುವಿನಲ್ಲಿ ಬೇಡ.

ಇದನ್ನು ಹೇಳುವಾಗ ನನಗೇ ಮುಜುಗರ. ಟೇಪಿನ ದುಡ್ಡು ಉಳಿಸಲು ನಾನೂ ಒಂದು ಮದುವೆಯ ಟೇಪಿನ ಮೇಲೆ ಇನ್ನೊಂದು ಮದುವೆ ತೆಗೆದವನು. ಎಲ್ಲರೂ ಮಾಡುತ್ತಿದ್ದರು. ಹೋದ ವರ್ಷ ಒಬ್ಬಾಕೆ ಹುಡುಕಿಕೊಂಡು ಬಂದರು. ತಂದೆ ತೀರಿಕೊಂಡಿದ್ದಾರೆ, ಅವರು ಧಾರೆ ಎರೆದದ್ದು ಡಿಸ್ಕಿನಲ್ಲಿ ಒಡೆದು ಬರುತ್ತದೆ, ಮೂಲ ಟೇಪು ಇದೆಯಾ ಸಾರ್ ಅಂದರು. ನಾನು ಒಳಗೆ ಹೋಗಿ ಖಾಲಿ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಹುಡುಕಿದ ಹಾಗೆ ಮಾಡಿ ಬಂದೆ.